ಓಟಗಾರರ ಸಂಘವೂ ಸೈಕಲ್ಲಿನ ಚಕ್ರವೂ

ಓಟವೆಂದರೆ ಎರಡೇ ಬಗೆ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಹೊರಟ ಬಸ್ಸನ್ನು ಹಿಡಿಯುವುದಕ್ಕಾಗಿ ಓಡುವುದು ಒಂದು. ಶಾಲೆಯ ಕ್ರೀಡೋತ್ಸವದಲ್ಲಿ ಓಡುವುದು ಇನ್ನೊಂದು. ಮೊದಲನೆಯದಕ್ಕೆ ಬಸ್ಸೇ ಬಹುಮಾನ. ಎರಡನೆಯದಕ್ಕೆ ಒಂದು ಸೋಪಿನ ಡಬ್ಬಿ, ಅದೃಷ್ಟವಿದ್ದರೆ ಒಂದು ಸ್ಟೀಲಿನ ಲೋಟ. ಈ ಎರಡಕ್ಕೂ ಸೇರದ ಮೂರನೆಯ ಪಂಗಡವೊಂದನ್ನು ಈಗೀಗ ನೀವೂ ನೋಡಿರಬೇಕು. ಬೆಳಗಿನ ಜಾವ ಹಾಲಿಗೆಂದು ಬಾಗಿಲು ತೆಗೆದರೆ, ಬೀದಿಯಲ್ಲಿ ನಾಲ್ಕಾರು ಜನ ಬನಿಯನ್ನು ತೊಟ್ಟು, ಮೈಯೆಲ್ಲ ಬೆವರಾಗಿ, ತಮ್ಮ ಪಾಡಿಗೆ ತಾವು ಓಡುತ್ತಿರುತ್ತಾರೆ. ಅವರ ಹಿಂದೆ ನಾಯಿಯೂ ಇಲ್ಲ, ಮುಂದೆ ಬಸ್ಸೂ ಇಲ್ಲ. ಅವರಲ್ಲಿ ಬ್ಯಾಂಕಿನ ಗುಮಾಸ್ತರಿರುತ್ತಾರೆ, ಡಾಕ್ಟರಿರುತ್ತಾರೆ, ಮೊಮ್ಮಕ್ಕಳನ್ನು ಕಂಡ ತಾಯಂದಿರೂ ಇರುತ್ತಾರೆ. ಒಬ್ಬೊಬ್ಬರೇ ಓಡಿ ಬೇಸರವಾದಾಗ ಇಂಥವರು ಸೇರಿ ಒಂದು ಸಂಘ ಕಟ್ಟಿಕೊಳ್ಳುತ್ತಾರೆ.

ಓಡುವುದಕ್ಕೆ ಸಂಘವೇತಕ್ಕೆ ಎಂದು ನೀವು ಕೇಳಬಹುದು. ಕಾಲು ನಮ್ಮದು, ರಸ್ತೆ ಸರ್ಕಾರದ್ದು, ಗಾಳಿ ದೇವರದು; ನಡುವೆ ಅಧ್ಯಕ್ಷರೂ ಕಾರ್ಯದರ್ಶಿಗಳೂ ಏಕೆ? ಪ್ರಶ್ನೆ ನ್ಯಾಯವಾದದ್ದೇ. ಉತ್ತರವಾಗಿ ನಾನು ಒಂದು ಸಂಘದ ಕಥೆಯನ್ನು ಹೇಳುತ್ತೇನೆ. ಅದು ನಮ್ಮ ನಾಡಿನದಲ್ಲ, ಅಮೆರಿಕದ ನ್ಯೂಯಾರ್ಕ್ ನಗರದ್ದು. ಅಷ್ಟು ದೂರ ಹೋಗುವುದೇಕೆಂದರೆ, ನಲವತ್ತು ಜನರಿಂದ ಹೊರಟು ಐವತ್ತು ಸಾವಿರ ಜನರನ್ನು ಒಂದೇ ದಿನ ಓಡಿಸುವಷ್ಟು ಬೆಳೆದ ಸಂಘ ಅದು. ಚಿಕ್ಕದಾಗಿದ್ದಾಗಿನ ತೊಂದರೆಯೂ ದೊಡ್ಡದಾದ ಮೇಲಿನ ತೊಂದರೆಯೂ ಅದರ ಚರಿತ್ರೆಯಲ್ಲಿ ಚೆನ್ನಾಗಿ ಕಾಣಸಿಗುತ್ತವೆ. ಆದರೆ ನಾನು ಹೆಚ್ಚಾಗಿ ಹೇಳುವುದು ಓಡುವವರ ವಿಚಾರವಲ್ಲ. ಅವರು ಓಡುವ ಹೊತ್ತಿನಲ್ಲಿ ನಿಂತಿರುವವರ ವಿಚಾರ.

ಈ ಸಂಘದ ಬೀಜ ಬಂದದ್ದು ಇಂಗ್ಲೆಂಡಿನಿಂದ. ಲಂಡನ್ ನಗರಕ್ಕೂ ಸಮುದ್ರತೀರದ ಬ್ರೈಟನ್ ಪಟ್ಟಣಕ್ಕೂ ನಡುವೆ ಐವತ್ತು ಮೈಲಿಗೂ ಮಿಕ್ಕ ದೂರವಿದೆ. ಈ ದೂರವನ್ನು ಒಂದೇ ಉಸುರಿಗೆಂಬಂತೆ ಓಡುವ ಪಂದ್ಯವೊಂದು ೧೯೫೧ರಲ್ಲಿ ನಡೆಯಿತು. ಅಂಥ ಓಟವನ್ನು ವರ್ಷವರ್ಷವೂ ನಡೆಸಿಕೊಂಡು ಹೋಗಲು ಯಾರಾದರೂ ಬೇಕಲ್ಲ? ೧೯೫೨ರಲ್ಲಿ ಅರ್ನೆಸ್ಟ್ ನೆವಿಲ್ ಎಂಬವರು ಮುಂದಾಗಿ ರೋಡ್ ರನ್ನರ್ಸ್ ಕ್ಲಬ್ ಎಂಬ ಸಂಘವನ್ನು ಹುಟ್ಟುಹಾಕಿದರು. ರಸ್ತೆಯ ಮೇಲೆ ಓಡುವವರ ಸಂಘ, ಅಷ್ಟೇ. ಹೆಸರಿನಲ್ಲಿ ಯಾವ ಆಡಂಬರವೂ ಇಲ್ಲ.

ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಬ್ರೌನಿಂಗ್ ರಾಸ್ ಎಂಬ ಓಟಗಾರರಿದ್ದರು. ೧೯೪೮ ಮತ್ತು ೧೯೫೨ರ ಒಲಿಂಪಿಕ್ ಕ್ರೀಡೆಗಳಲ್ಲಿ, ಬೇಲಿಯನ್ನೂ ನೀರನ್ನೂ ಹಾರಿಕೊಂಡು ಓಡುವ ಸ್ಟೀಪಲ್‌ಚೇಸ್ ಪಂದ್ಯದಲ್ಲಿ ಭಾಗವಹಿಸಿದ್ದವರು. ಅವರು ೧೯೫೬ರಿಂದ ದೂರದ ಓಟಗಾರರಿಗೆಂದೇ ಒಂದು ಪುಟ್ಟ ಪತ್ರಿಕೆಯನ್ನು ನಡೆಸುತ್ತಿದ್ದರು. ದೊಡ್ಡ ಪತ್ರಿಕೆಗಳು ಕಣ್ಣೆತ್ತಿಯೂ ನೋಡದಿದ್ದ ಓಟಗಳ ಫಲಿತಾಂಶ ಅದರಲ್ಲಿ ಅಚ್ಚಾಗುತ್ತಿತ್ತು. ಇಂಗ್ಲೆಂಡಿನವರ ಹಾಗೆ ನಾವೂ ಒಂದು ಸಂಘ ಕಟ್ಟಬಾರದೇಕೆ ಎಂಬ ಸೂಚನೆಯನ್ನು ಅವರು ಅದರಲ್ಲಿಯೇ ಮುಂದಿಟ್ಟರು. ೧೯೫೮ರ ಫೆಬ್ರವರಿ ೨೨ರಂದು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸಭೆ ಸೇರಿತು. ಅಮೆರಿಕದ ಸಂಘ ಹುಟ್ಟಿತು. ಕೆಲವೇ ತಿಂಗಳುಗಳಲ್ಲಿ ನ್ಯೂಯಾರ್ಕಿನವರು ತಮ್ಮದೇ ಶಾಖೆಯನ್ನು ತೆರೆದರು. ಸದಸ್ಯರು ಸುಮಾರು ನಲವತ್ತು ಜನ. ಮೊದಲ ಅಧ್ಯಕ್ಷರಾಗಿ ಆರಿಸಿಬಂದವರು ಟೆಡ್ ಕಾರ್ಬಿಟ್.

ಈ ಕಾರ್ಬಿಟ್ ಅವರ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಅವರು ನೀಗ್ರೋ ಗುಲಾಮರ ಮೊಮ್ಮಗ ಎಂದು ಹಿಂದಿನವರಾಗಿದ್ದರೆ ಹೇಳುತ್ತಿದ್ದರು. ಈಗ ಆ ಮಾತನ್ನು ಬಿಟ್ಟು ಕರಿಯ ಅಮೆರಿಕನ್ನರು ಎನ್ನುತ್ತೇವೆ. ೧೯೧೯ರಲ್ಲಿ ದಕ್ಷಿಣ ಕ್ಯಾರೊಲಿನದಲ್ಲಿ ಹುಟ್ಟಿದರು. ಕಾಲೇಜಿನಲ್ಲಿ ಓಡುತ್ತಿದ್ದ ದಿನಗಳಲ್ಲಿ ಕೆಲವು ಪಂದ್ಯಗಳಿಗೆ ಅವರನ್ನು ಸೇರಿಸಲೇ ಇಲ್ಲ. ಕಾಲು ನಿಧಾನವೆಂದಲ್ಲ, ಬಣ್ಣ ಕಪ್ಪೆಂದು. ಆಮೇಲೆ ನ್ಯೂಯಾರ್ಕಿಗೆ ಬಂದು, ಅಂಗಮರ್ದನ ವ್ಯಾಯಾಮಗಳಿಂದ ರೋಗಿಗಳನ್ನು ನಡೆದಾಡುವಂತೆ ಮಾಡುವ ಫಿಸಿಯೋಥೆರಪಿಯನ್ನು ವೃತ್ತಿಯಾಗಿ ಹಿಡಿದರು. ೧೯೩೬ರಲ್ಲಿ ಹಾರ್ಲೆಮ್ ಬಡಾವಣೆಯಲ್ಲಿ ಕರಿಯ ಮಹನೀಯರು ಮೂವರು ಸೇರಿ ಕಟ್ಟಿದ್ದ ಪಯೊನೀರ್ ಕ್ಲಬ್ ಎಂಬ ಸಂಘವಿತ್ತು. ಅಲ್ಲಿ ಬಿಳಿಯರಿಗೂ ಕರಿಯರಿಗೂ ಒಂದೇ ಬಾಗಿಲು. ಕಾರ್ಬಿಟ್ ೧೯೪೭ರಲ್ಲಿ ಅದನ್ನು ಸೇರಿದರು. ಹೊಸ ಸಂಘವನ್ನು ಕಟ್ಟಿದವರಲ್ಲಿ ಬಹುಮಂದಿ ಈ ಹಳೆಯ ಸಂಘದವರೇ ಆಗಿದ್ದರೆಂಬುದನ್ನು ಮರೆಯಬಾರದು. ತಮ್ಮನ್ನು ಬಾಗಿಲಲ್ಲಿ ತಡೆದ ಜಗತ್ತಿನಲ್ಲಿ ಬಾಗಿಲಿಲ್ಲದ ಒಂದು ಮನೆ ಬೇಕೆಂದು ಅವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಕಾರ್ಬಿಟ್ ಓಡಿದರು. ಅಮೆರಿಕದ ಪರವಾಗಿ ಆ ಓಟದಲ್ಲಿ ಓಡಿದ ಮೊದಲ ಕರಿಯ ಓಟಗಾರ ಅವರು. ಝಾಟೊಪೆಕ್ ಗೆದ್ದ ಪ್ರಸಿದ್ಧ ಓಟ ಅದು. ಕಾರ್ಬಿಟ್ ೪೪ನೆಯವರಾಗಿ ಬಂದರು. ಅದೇ ಓಟದಲ್ಲಿ ಅವರ ಹಿಂದೆಯೇ, ೫೨ನೆಯವರಾಗಿ ಬಂದವರು ನಮ್ಮ ಭಾರತದ ಸೂರತ್ ಸಿಂಗ್ ಮಾಥುರ್. ಹೀಗೆ ನಮಗೂ ಈ ಕಥೆಗೂ ಎಂಟು ಜನರಷ್ಟೇ ಅಂತರ ಎನ್ನಬಹುದು.

ಕಾರ್ಬಿಟ್ ಅವರು ಮನೆಯಿಂದ ಕೆಲಸಕ್ಕೆ ಓಡಿಕೊಂಡೇ ಹೋಗುತ್ತಿದ್ದವರು. ಮ್ಯಾನ್‌ಹ್ಯಾಟನ್ ದ್ವೀಪವನ್ನು ಸುತ್ತಿದರೆ ಮೂವತ್ತು ಮೈಲಿಗೂ ಹೆಚ್ಚು. ನಾವು ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕುವಂತೆ ಅವರು ಅದನ್ನು ಸುತ್ತುತ್ತಿದ್ದರು. ಮಾತು ಕಡಮೆ. ಅಧ್ಯಕ್ಷ ಪದವಿಯನ್ನು ಅವರು ಭಾಷಣಕ್ಕೆ ಬಳಸಿಕೊಳ್ಳಲಿಲ್ಲ, ಸಂಘದ ಸುದ್ದಿಪತ್ರವನ್ನು ತಯಾರಿಸುವುದಕ್ಕೂ ರಸ್ತೆ ಅಳೆಯುವುದಕ್ಕೂ ಬಳಸಿಕೊಂಡರು.

ಈ ರಸ್ತೆ ಅಳೆಯುವ ವಿಚಾರಕ್ಕೇ ನಾನು ಬರಬೇಕೆಂದಿದ್ದೆ. ಅದಕ್ಕೆ ಮೊದಲು ಒಂದು ಓಟ ನಡೆಯಬೇಕಾದರೆ ಏನೇನು ಬೇಕು, ಸ್ವಲ್ಪ ಲೆಕ್ಕ ಹಾಕಿ. ಪೊಲೀಸರ ಅಪ್ಪಣೆ ಬೇಕು. ಹೊರಡುವಲ್ಲಿ ಒಂದು ಗೆರೆ, ಮುಗಿಯುವಲ್ಲಿ ಒಂದು ಗೆರೆ. ಬಂದವರ ಹೆಸರು ಬರೆದುಕೊಂಡು ಎದೆಗೆ ಅಂಟಿಸಲು ನಂಬರು ಕೊಡುವವರು ಇಬ್ಬರು. ತಿರುವು ತಿರುವಿಗೂ ಒಬ್ಬ ಮನುಷ್ಯ. ನೀರು ಕೊಡುವವರು. ಕೊನೆಯ ಗೆರೆಯಲ್ಲಿ ಗಡಿಯಾರ ನೋಡಿ ಗಟ್ಟಿಯಾಗಿ ಹೊತ್ತು ಕೂಗುವವನೊಬ್ಬ, ಅದನ್ನು ಬರೆದುಕೊಳ್ಳುವವನೊಬ್ಬ. ಗೆರೆ ದಾಟಿದವರು ಗುಂಪು ಕಟ್ಟಿ ಕ್ರಮ ತಪ್ಪಿಸದಂತೆ ಹಗ್ಗ ಕಟ್ಟಿದ ಓಣಿಯೊಳಗೆ ಅವರನ್ನು ಒಬ್ಬರ ಹಿಂದೊಬ್ಬರಂತೆ ನಡೆಸುವವನು ಮತ್ತೊಬ್ಬ. ಇದರಲ್ಲಿ ಒಬ್ಬ ತಪ್ಪಿದರೂ ಹತ್ತನೆಯವನು ಹನ್ನೊಂದನೆಯವನಾಗುತ್ತಾನೆ, ಜಗಳ ಶುರುವಾಗುತ್ತದೆ. ಕೊನೆಯ ಓಟಗಾರ ಬರುವವರೆಗೆ ಗಡಿಯಾರದವನು ಅಲ್ಲಿಯೇ ನಿಂತಿರಬೇಕು. ಗೆದ್ದವನು ಮನೆಗೆ ಹೋಗಿ ಊಟ ಮಾಡಿ ಮಲಗಿರುತ್ತಾನೆ. ಗಡಿಯಾರದವನು ಬಿಸಿಲಿನಲ್ಲಿ ನಿಂತಿರುತ್ತಾನೆ. ಸಂಘದ ಕೆಲಸವೆಂದರೆ ಇದು. ಇವರಿಗೆಲ್ಲ ಸಂಬಳವಿಲ್ಲ. ಅಲ್ಲಿ ಇಂದು ನಿಂತವನು ನಾಳೆ ಓಡುತ್ತಾನೆ, ಇಂದು ಓಡಿದವನು ನಾಳೆ ನಿಲ್ಲುತ್ತಾನೆ. ಅದೊಂದೇ ಸಂಬಳ.

ನಿಲ್ಲುವುದು ಸುಲಭವೆಂದು ನೀವು ತಿಳಿಯಬೇಡಿ. ನನ್ನ ಸ್ವಂತ ಅನುಭವವನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಕಡೆ ಇಂಥದೇ ಒಂದು ಸಣ್ಣ ಸಂಘದವರು ಹದಿಮೂರು ಮೈಲಿಯ ಓಟವೊಂದನ್ನು ಇಟ್ಟುಕೊಂಡಿದ್ದರು. ಓಡುವ ಶಕ್ತಿ ನನಗಿಲ್ಲ, ನಿಲ್ಲುತ್ತೇನೆ ಎಂದೆ. ಅರಳಿಕಟ್ಟೆಯ ಹತ್ತಿರದ ತಿರುವಿನಲ್ಲಿ ಒಂದು ಕೆಂಪು ಬಾವುಟ ಕೊಟ್ಟು ನಿಲ್ಲಿಸಿದರು. ಮುಂದಿನವರು ಹತ್ತಾರು ಜನ ಬಂದರು, ಎಡಕ್ಕೆ ಎಂದು ಬಾವುಟ ತೋರಿಸಿದೆ, ಹೋದರು. ಆಮೇಲೆ ಬಹಳ ಹೊತ್ತು ಯಾರೂ ಇಲ್ಲ. ಎದುರಿಗೇ ಹೋಟೆಲು. ಕಾಫಿಯ ವಾಸನೆ. ಎರಡು ನಿಮಿಷದ ಮಾತು ಎಂದುಕೊಂಡು ಬಾವುಟವನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದೆ. ಆ ಎರಡು ನಿಮಿಷದಲ್ಲಿ ಏಳು ಜನ ನೇರವಾಗಿ ಪಕ್ಕದ ಹಳ್ಳಿಯ ಕಡೆಗೆ ಓಡಿಹೋಗಿಬಿಟ್ಟರು. ಅವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಅರವತ್ತರ ಮೇಲಿನವರು, ವರ್ಷವಿಡೀ ಈ ಒಂದು ದಿನಕ್ಕಾಗಿ ಅಭ್ಯಾಸ ಮಾಡಿದ್ದವರು. ಹಳ್ಳಿಯವರು ದಾರಿ ಹೇಳಿ ಹಿಂದಕ್ಕೆ ಕಳುಹಿಸಿದ ಮೇಲೆ, ಎರಡು ಮೈಲಿ ಹೆಚ್ಚಿಗೆ ಓಡಿ, ಗೆರೆ ಮುಟ್ಟಿದರು. ನಾನು ತಲೆ ತಗ್ಗಿಸಿಕೊಂಡು ನಿಂತಿದ್ದೆ. ಹತ್ತಿರ ಬಂದರು, ಉಸಿರು ಸುಧಾರಿಸಿಕೊಂಡರು, ಮೆಲ್ಲಗೆ ಕೇಳಿದರು: “ಕಾಫಿ ಚೆನ್ನಾಗಿತ್ತೆ, ಸ್ವಾಮಿ?”

ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ಈಗ ಅಳತೆಯ ವಿಚಾರ. ಮ್ಯಾರಥಾನ್ ಓಟದ ದೂರ ೨೬ ಮೈಲಿ ೩೮೫ ಗಜ; ಈಗಿನ ಲೆಕ್ಕದಲ್ಲಿ ೪೨,೧೯೫ ಮೀಟರು. ಮೈದಾನದ ಓಟವಾದರೆ ಸುತ್ತು ಎಣಿಸಿದರೆ ಮುಗಿಯಿತು. ರಸ್ತೆಯ ಓಟದಲ್ಲಿ ಈ ದೂರವನ್ನು ಅಳೆಯುವುದು ಹೇಗೆ? ಹಿಂದೆ ಸಾಮಾನ್ಯವಾಗಿ ಮೋಟಾರಿನಲ್ಲಿ ಕುಳಿತು ಮೈಲಿಯ ಮುಳ್ಳು ನೋಡುತ್ತಿದ್ದರು. ಆ ಮುಳ್ಳು ಎಷ್ಟು ಸತ್ಯ ಹೇಳುತ್ತದೆಂಬುದು ಹಳೆಯ ಕಾರು ಕೊಂಡವರಿಗೆ ಗೊತ್ತು. ಹೀಗಾಗಿ ಒಂದು ಊರಿನ ಮ್ಯಾರಥಾನು ಇಪ್ಪತ್ತೈದೂವರೆ ಮೈಲಿ, ಇನ್ನೊಂದು ಊರಿನದು ಇಪ್ಪತ್ತೇಳು. ಒಬ್ಬ ಓಟಗಾರ ಇಲ್ಲಿ ಎರಡೂವರೆ ಗಂಟೆಯಲ್ಲಿ ಓಡಿದೆ ಎಂದರೆ ಅಲ್ಲಿಯವನು ನಂಬುವುದೇಕೆ? ಜವಳಿ ಅಂಗಡಿಯಲ್ಲಿ ಗಜಕಡ್ಡಿ ಗಿಡ್ಡವಾದರೆ ಗಿರಾಕಿ ಕೂಗಾಡುತ್ತಾನೆ. ಇಲ್ಲಿ ಗಿಡ್ಡವಾದ ದಾರಿಯಲ್ಲಿ ಓಡಿದವನು ಸಂತೋಷಪಡುತ್ತಾನೆ, ಅದೇ ಕಷ್ಟ! ಮೋಸ ಹೋದವನಿಗೆ ಮೋಸ ಹೋದದ್ದೇ ಬೇಕಾಗಿದೆ.

ಇಂಗ್ಲೆಂಡಿನ ಸಂಘದಲ್ಲಿದ್ದ ಜಾನ್ ಜುವೆಲ್ ಎಂಬವರು ರಸ್ತೆ ಅಳೆಯುವ ವಿಧಾನಗಳನ್ನೆಲ್ಲ ಪರೀಕ್ಷೆ ಮಾಡಿ ೧೯೬೧ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಅದನ್ನು ಓದಿದ ಕಾರ್ಬಿಟ್ ತಾವೂ ಕೆಲಸಕ್ಕೆ ತೊಡಗಿ ೧೯೬೪ರಲ್ಲಿ ಅಮೆರಿಕದವರಿಗಾಗಿ ಒಂದು ಕೈಪಿಡಿಯನ್ನು ಬರೆದರು. ಹಲವು ಉಪಾಯಗಳಲ್ಲಿ ಕೊನೆಗೆ ನಿಂತದ್ದು ಯಾವುದು ಗೊತ್ತೆ? ನಮ್ಮ ನಿಮ್ಮ ಮನೆಯ ಸೈಕಲ್ಲು.

ಇದರ ಕ್ರಮ ಹೀಗೆ. ನೇರವಾದ ಒಂದು ರಸ್ತೆಯಲ್ಲಿ ಉಕ್ಕಿನ ಟೇಪು ಎಳೆದು ಮುನ್ನೂರೋ ನಾನೂರೋ ಮೀಟರು ದೂರವನ್ನು ಕರಾರುವಾಕ್ಕಾಗಿ ಗುರುತು ಮಾಡಬೇಕು. ಆ ಗುರುತಿನಿಂದ ಈ ಗುರುತಿಗೆ ಸೈಕಲ್ಲಿನಲ್ಲಿ ಹೋಗಿ, ಮುಂದಿನ ಚಕ್ರ ಎಷ್ಟು ಸಾರಿ ತಿರುಗಿತೆಂದು ಎಣಿಸಬೇಕು. ಒಂದು ಸಾರಿಯಲ್ಲ, ನಾಲ್ಕು ಸಾರಿ. ಈಗ ನಿಮ್ಮ ಚಕ್ರ ನಿಮ್ಮ ಗಜಕಡ್ಡಿಯಾಯಿತು. ಆಮೇಲೆ ಓಟದ ದಾರಿಯುದ್ದಕ್ಕೂ ಅದೇ ಸೈಕಲ್ಲನ್ನು ತುಳಿದು ಸುತ್ತುಗಳನ್ನು ಎಣಿಸುತ್ತ ಹೋಗಬೇಕು. ಮ್ಯಾರಥಾನ್ ದೂರಕ್ಕೆ ಸುಮಾರು ಇಪ್ಪತ್ತು ಸಾವಿರ ಸುತ್ತು. ಬಾಯಲ್ಲಿ ಎಣಿಸಿದರೆ ತಲೆ ಕೆಡುತ್ತದೆ. ೧೯೭೧ರಲ್ಲಿ ಆಲನ್ ಜೋನ್ಸ್ ಎಂಬ ಎಂಜಿನಿಯರು ಮುಂದಿನ ಚಕ್ರದ ಇರುಸಿಗೆ ಸಿಕ್ಕಿಸುವ ಹಲ್ಲುಚಕ್ರದ ಎಣಿಕೆಯಂತ್ರವೊಂದನ್ನು ಕಂಡುಹಿಡಿದರು. ಅದನ್ನು ಮನೆಯಲ್ಲಿ ಜೋಡಿಸಿ ಮಾರಿದವನು ಅವರ ಮಗ, ಕ್ಲೇನ್ ಎಂಬ ಹುಡುಗ. ಆ ಯಂತ್ರಕ್ಕೆ ಜೋನ್ಸ್ ಕೌಂಟರ್ ಎಂಬ ಹೆಸರು ಇಂದಿಗೂ ಉಳಿದಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ಬೆಳಿಗ್ಗೆ ತಣ್ಣಗಿದ್ದ ಟೈರು ಬಿಸಿಲೇರಿದಂತೆ ಉಬ್ಬುತ್ತದೆ. ಉಬ್ಬಿದ ಚಕ್ರ ಅದೇ ದೂರವನ್ನು ಕಡಮೆ ಸುತ್ತಿನಲ್ಲಿ ದಾಟುತ್ತದೆ. ಆದ್ದರಿಂದ ಅಳತೆ ಮುಗಿದ ಮೇಲೆ ಮತ್ತೆ ಹಿಂದಕ್ಕೆ ಬಂದು ಟೇಪಿನ ಗುರುತಿನ ಮೇಲೆ ಪುನಃ ನಾಲ್ಕು ಸಾರಿ ತುಳಿದು ಚಕ್ರವನ್ನು ಪರೀಕ್ಷಿಸಬೇಕು. ಇನ್ನೊಂದು ಸೂಕ್ಷ್ಮವಿದೆ. ಓಟಗಾರ ರಸ್ತೆಯ ನಡುವೆ ಓಡುವುದಿಲ್ಲ. ಬಾಗಿದಲ್ಲೆಲ್ಲ ಒಳಮೈಗೆ ಅಂಟಿಕೊಂಡು ಹತ್ತಿರದ ದಾರಿ ಹುಡುಕುತ್ತಾನೆ. ಅಳೆಯುವವನೂ ಹಾಗೆಯೇ, ಕಟ್ಟೆಯಂಚಿನಿಂದ ಒಂದಡಿಯಷ್ಟೇ ಬಿಟ್ಟು, ಒಂದು ತಿರುವಿನಿಂದ ಇನ್ನೊಂದು ತಿರುವಿಗೆ ಓರೆಯಾಗಿ ಸೈಕಲ್ಲು ಬಿಡಬೇಕು. ಹಗಲಿನ ವಾಹನ ಸಂಚಾರದಲ್ಲಿ ಹೀಗೆ ಮಾಡಿದರೆ ಅಳತೆಗಾರನೇ ಉಳಿಯುವುದಿಲ್ಲ. ಅದಕ್ಕೇ ಈ ಕೆಲಸವೆಲ್ಲ ನಡುರಾತ್ರಿ, ಇಲ್ಲವೆ ಕೋಳಿ ಕೂಗುವ ಹೊತ್ತು. ೨೦೦೮ರಲ್ಲಿ ಆರಂಭವಾದ ನಮ್ಮ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಂಥ ಅಂತರರಾಷ್ಟ್ರೀಯ ಪಂದ್ಯಗಳಿಗೂ ದಾರಿಯನ್ನು ಅಳೆಯಬೇಕಾದದ್ದು ಇದೇ ಸೈಕಲ್ ಚಕ್ರದಿಂದ. ಉಪಗ್ರಹಗಳು ನಮ್ಮ ಕೈಗಡಿಯಾರಕ್ಕೇ ದೂರ ಹೇಳುವ ಈ ಕಾಲದಲ್ಲೂ ನಿಯಮ ಬದಲಾಗಿಲ್ಲ. ನಿಮ್ಮ ಮನೆಯ ಹುಡುಗ ಓಟ ಮುಗಿಸಿ ಬಂದು, ನನ್ನ ವಾಚು ಇನ್ನೂರು ಮೀಟರು ಹೆಚ್ಚು ತೋರಿಸಿತು, ಇವರ ಅಳತೆ ತಪ್ಪು ಎಂದು ವಾದಿಸಿದರೆ, ಚಕ್ರದ ಮಾತನ್ನೇ ನಂಬಿ ಎಂದು ನಾನು ಹೇಳುತ್ತೇನೆ.

ನ್ಯೂಯಾರ್ಕಿಗೆ ಹಿಂದಿರುಗೋಣ. ಸಂಘ ಹುಟ್ಟಿ ಹನ್ನೆರಡು ವರ್ಷವಾಗಿತ್ತು. ೧೯೭೦ರ ಸೆಪ್ಟೆಂಬರ್ ೧೩ರಂದು ನಗರದ ನಡುವಿನ ಸೆಂಟ್ರಲ್ ಪಾರ್ಕ್ ಎಂಬ ದೊಡ್ಡ ಉದ್ಯಾನದೊಳಗೆ ಮೊದಲ ನ್ಯೂಯಾರ್ಕ್ ಮ್ಯಾರಥಾನ್ ನಡೆಯಿತು. ಪ್ರವೇಶ ಶುಲ್ಕ ಒಂದು ಡಾಲರು. ಇಡೀ ಓಟದ ವೆಚ್ಚ ಸಾವಿರ ಡಾಲರು. ಹೊರಟವರು ೧೨೭ ಜನ, ಮುಟ್ಟಿದವರು ೫೫. ಗೆದ್ದ ಗ್ಯಾರಿ ಮರ್ಕೆ ಬೆಂಕಿ ಆರಿಸುವ ದಳದ ಕೆಲಸಗಾರ. ಹಿಂದಿನ ರಾತ್ರಿಯೆಲ್ಲ ಪಾಳಿ ಮುಗಿಸಿ ನೇರವಾಗಿ ಓಟಕ್ಕೆ ಬಂದವರು. ಬಹುಮಾನಗಳಲ್ಲಿ ಬೇರೆ ಆಟಗಳ ಹಳೆಯ ಕಪ್ಪುಗಳೂ ಸೇರಿದ್ದುವಂತೆ. ಓಟವನ್ನು ನಡೆಸಿದ ಇಬ್ಬರಲ್ಲಿ ಒಬ್ಬರಾದ ಫ್ರೆಡ್ ಲೆಬೋ ತಾವೂ ಓಡಿ ೪೫ನೆಯವರಾಗಿ ಬಂದರು. ಮದುವೆ ಮನೆಯ ಯಜಮಾನನೇ ಪಂಕ್ತಿಯಲ್ಲಿ ಕುಳಿತು ಉಂಡಂತೆ! ಅಂದು ಓಡಿದ ಹೆಂಗಸು ಒಬ್ಬರೇ, ನೀನಾ ಕುಸಿಕ್. ಮೈಗೆ ಸರಿಯಿಲ್ಲದೆ ನಡುವೆ ನಿಲ್ಲಿಸಬೇಕಾಯಿತು.

ಹೆಂಗಸರ ವಿಚಾರವನ್ನು ಇಲ್ಲಿ ಹೇಳಲೇಬೇಕು. ಆಗ ಅಮೆರಿಕದ ಹವ್ಯಾಸಿ ಕ್ರೀಡೆಗಳ ಯಜಮಾನಿಕೆಯೆಲ್ಲ ಅಮೆಚೂರ್ ಅಥ್ಲೆಟಿಕ್ ಯೂನಿಯನ್ ಎಂಬ ಒಕ್ಕೂಟದ ಕೈಯಲ್ಲಿತ್ತು. ಇಷ್ಟು ದೂರ ಓಡುವುದು ಹೆಂಗಸರ ದೇಹಕ್ಕೆ ಆಗದು ಎಂದು ಅವರು ಬಹಳ ದಿನ ನಂಬಿದ್ದರು. ಗದ್ದೆಯಲ್ಲಿ ಹೊತ್ತು ಮೂಡುವುದರಿಂದ ಮುಳುಗುವವರೆಗೆ ನಾಟಿ ಹಾಕುವ ನಮ್ಮ ಹೆಣ್ಣಾಳುಗಳನ್ನು ಅವರು ನೋಡಿರಲಿಲ್ಲವೆಂದು ಕಾಣುತ್ತದೆ. ಕೊನೆಗೆ ೧೯೭೨ರ ಹೊತ್ತಿಗೆ ಅಪ್ಪಣೆ ಸಿಕ್ಕಿತು. ಆದರೆ ಹೆಂಗಸರು ಗಂಡಸರಿಗಿಂತ ಹತ್ತು ನಿಮಿಷ ಮೊದಲೇ ಬೇರೆಯಾಗಿ ಹೊರಡತಕ್ಕದ್ದು ಎಂದು ಒಂದು ಕಟ್ಟಳೆ. ಆ ವರ್ಷದ ಅಕ್ಟೋಬರ್ ೧ರಂದು ಹೆಂಗಸರಿಗೆಂದು ತುಪಾಕಿ ಹಾರಿಸಿದಾಗ, ಆರು ಜನ ಹೆಂಗಸರೂ ಗೆರೆಯ ಮೇಲೆಯೇ ಕುಳಿತುಬಿಟ್ಟರು. ಜಗಳವಿಲ್ಲ, ಕೂಗಾಟವಿಲ್ಲ. ಹತ್ತು ನಿಮಿಷ ಕುಳಿತರು. ಗಂಡಸರಿಗೆ ತುಪಾಕಿ ಹಾರಿದಾಗ ಎದ್ದು ಅವರೊಡನೆಯೇ ಓಡಿದರು. ಮೊದಲಿಗರಾಗಿ ಮುಟ್ಟಿದವರು ಅದೇ ನೀನಾ ಕುಸಿಕ್. ಒಕ್ಕೂಟದವರು ಅವರೆಲ್ಲರ ಲೆಕ್ಕಕ್ಕೆ ಹತ್ತು ನಿಮಿಷ ಸೇರಿಸಿದರು. ಸತ್ಯಾಗ್ರಹವೆಂಬ ಮಾತನ್ನು ನಮ್ಮಿಂದ ಕಲಿತ ದೇಶದಲ್ಲಿ ಹೀಗೆ ಕುಳಿತುಕೊಂಡದ್ದನ್ನು ನಾವಂತೂ ಅರ್ಥ ಮಾಡಿಕೊಳ್ಳಬಲ್ಲೆವು. ಅದೇ ವರ್ಷ ಜೂನ್ ತಿಂಗಳಿನಲ್ಲಿ ಈ ಸಂಘ ಹೆಂಗಸರಿಗೆಂದೇ ಒಂದು ರಸ್ತೆಯ ಓಟವನ್ನು ನಡೆಸಿತ್ತು. ೭೮ ಜನ ಓಡಿದ್ದರು. ಗೆರೆಯೂ ತುಪಾಕಿಯೂ ಒಕ್ಕೂಟದ್ದಾಗಿದ್ದರೂ ರಸ್ತೆಯ ಮೇಲೆ ನಿಂತಿದ್ದವರು ಸಂಘದವರು. ಅವರ ಮನಸ್ಸು ಯಾವ ಕಡೆಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಆಮೇಲೆ ಸಂಘ ಬೆಳೆದ ವೇಗವನ್ನು ವಿವರಿಸುವ ಅಗತ್ಯವಿಲ್ಲ. ೧೯೭೬ರಲ್ಲಿ ಓಟ ಉದ್ಯಾನದಿಂದ ಹೊರಬಿದ್ದು ನಗರದ ಐದೂ ವಿಭಾಗಗಳ ಬೀದಿಗಳಲ್ಲಿ, ಸೇತುವೆಗಳ ಮೇಲೆ ಹರಿಯಿತು. ಎರಡು ಸಾವಿರ ಜನ ಓಡಿದರು. ಈಗ ಐವತ್ತು ಸಾವಿರಕ್ಕೂ ಮೀರಿ ಓಡುತ್ತಾರೆ. ಸಂಘಕ್ಕೆ ದೊಡ್ಡ ಕಚೇರಿಯಿದೆ, ಸಂಬಳದ ನೌಕರರಿದ್ದಾರೆ, ವ್ಯಾಪಾರಿ ಕಂಪನಿಗಳ ಹಣವಿದೆ.

ಹಣ ಬಂದಲ್ಲಿ ಗಜಕಡ್ಡಿ ಗಟ್ಟಿಯಾಗಿ ಉಳಿಯಿತೆ? ೧೯೮೧ರಲ್ಲಿ ಒಂದು ಸಂಗತಿ ನಡೆಯಿತು. ಆ ವರ್ಷದ ನ್ಯೂಯಾರ್ಕ್ ಓಟವನ್ನು ಅಲ್ಬರ್ಟೊ ಸಲಜಾರ್ ಎಂಬ ತರುಣ ೨ ಗಂಟೆ ೮ ನಿಮಿಷ ೧೩ ಸೆಕೆಂಡಿನಲ್ಲಿ ಗೆದ್ದರು. ಹಿಂದಿನ ಅತ್ಯುತ್ತಮ ಓಟಕ್ಕಿಂತ ಇಪ್ಪತ್ತು ಸೆಕೆಂಡು ಕಡಮೆ. ಜಗತ್ತಿನಲ್ಲಿ ಯಾರೂ ಇಷ್ಟು ಬೇಗ ಓಡಿರಲಿಲ್ಲವೆಂದು ಪತ್ರಿಕೆಗಳೆಲ್ಲ ಹೊಗಳಿದುವು. ಹೆಂಗಸರಲ್ಲಿ ನ್ಯೂಜಿಲೆಂಡಿನ ಆಲಿಸನ್ ರೋ ಕೂಡ ಅಂದು ಹಾಗೆಯೇ ಹೊಗಳಿಸಿಕೊಂಡರು. ಕೆಲವು ವರ್ಷಗಳಾದ ಮೇಲೆ ಅಳತೆಗಾರರು ಆ ದಾರಿಯನ್ನು ಸೈಕಲ್ಲಿನಿಂದ ಮತ್ತೆ ಅಳೆದರು. ದಾರಿ ೧೪೮ ಮೀಟರು ಗಿಡ್ಡವಾಗಿತ್ತು! ಸಲಜಾರ್ ಓಡಿದ ವೇಗದಲ್ಲಿ ೧೪೮ ಮೀಟರಿಗೆ ಇಪ್ಪತ್ತೇಳು ಸೆಕೆಂಡು ಬೇಕು. ಇಪ್ಪತ್ತು ಸೆಕೆಂಡಿನ ಕೀರ್ತಿ ಇಪ್ಪತ್ತೇಳು ಸೆಕೆಂಡಿನ ಸಾಲದಲ್ಲಿ ಮುಳುಗಿಹೋಯಿತು. ಇಬ್ಬರ ದಾಖಲೆಯೂ ಪಟ್ಟಿಯಿಂದ ಹೊರಟುಹೋಯಿತು.

ಪಾಪ, ಓಡಿದವರ ತಪ್ಪೇನೂ ಇಲ್ಲ. ಅವರು ತೋರಿಸಿದ ದಾರಿಯಲ್ಲಿ ಓಡಿದರು. ನಿಂತವರ ತಪ್ಪು ಓಡಿದವರ ತಲೆಗೆ ಬಂದಿತು. ಇದನ್ನು ಓದಿದಾಗ ನನಗೆ ನಮ್ಮ ಮೇಷ್ಟ್ರು ಕೇಳಿದ ಕಾಫಿಯ ಪ್ರಶ್ನೆ ನೆನಪಾಗುತ್ತದೆ. ಆದರೆ ಒಂದು ಮಾತನ್ನು ಒಪ್ಪಲೇಬೇಕು. ಇಷ್ಟು ದೊಡ್ಡ ಕೀರ್ತಿ ಬಂದ ಮೇಲೆ ಅದನ್ನು ಪುನಃ ಅಳೆಯುವ ಗೋಜಿಗೆ ಯಾರೂ ಹೋಗದೆ ಇದ್ದುಬಿಡಬಹುದಾಗಿತ್ತು. ಅಳೆದರು, ಕಡಮೆಯೆಂದು ಕಂಡದ್ದನ್ನು ಕಡಮೆಯೆಂದೇ ಹೇಳಿದರು. ಕಾರ್ಬಿಟ್ ಕಲಿಸಿದ ಪಾಠ ಅಷ್ಟು ಮಟ್ಟಿಗೆ ಉಳಿದಿತ್ತು. ಈಗಂತೂ ಅಳತೆಗಾರರು ಪ್ರತಿ ಕಿಲೋಮೀಟರಿಗೆ ಒಂದು ಮೀಟರು ಬೇಕೆಂದೇ ಹೆಚ್ಚಿಗೆ ಸೇರಿಸುತ್ತಾರೆ. ಮ್ಯಾರಥಾನಿಗೆ ೪೨ ಮೀಟರು. ನಮ್ಮ ಹಳ್ಳಿಯ ಸಂತೆಯಲ್ಲಿ ಸೇರು ತುಂಬಿದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾರಲ್ಲ, ಹಾಗೆ.

ದೊಡ್ಡ ಸಂಘಕ್ಕೆ ಇನ್ನೊಂದು ಸಂಕಟವುಂಟು. ಓಡುವವರು ಸಾವಿರಗಟ್ಟಲೆ ಬರುತ್ತಾರೆ. ನಿಲ್ಲುವವರು ಎಲ್ಲಿಂದ ಬರಬೇಕು? ನ್ಯೂಯಾರ್ಕಿನವರು ಇದಕ್ಕೊಂದು ಜಾಣತನದ ಉಪಾಯ ಮಾಡಿದ್ದಾರೆ. ಸಂಘದ ಸದಸ್ಯರಾದವರು ವರ್ಷದಲ್ಲಿ ಸಂಘದ ಒಂಬತ್ತು ಓಟಗಳನ್ನು ಓಡಿ, ಒಂದು ಓಟದಲ್ಲಿ ಸ್ವಯಂಸೇವಕರಾಗಿ ನಿಂತರೆ, ಮರುವರ್ಷದ ಮ್ಯಾರಥಾನಿನಲ್ಲಿ ಜಾಗ ಖಂಡಿತ. ಒಂಬತ್ತಕ್ಕೆ ಒಂದು. ಪ್ರತಿಫಲಕ್ಕಾಗಿ ಮಾಡುವುದನ್ನು ಸೇವೆಯೆನ್ನುವುದು ಹೇಗೆ ಎಂದು ತರ್ಕ ಮಾಡುವವರಿದ್ದಾರೆ. ನನಗೆ ಆ ತರ್ಕ ರುಚಿಸದು. ಚೀಟಿಗಾಗಿಯೇ ಬರಲಿ, ನೀರಿನ ಲೋಟ ಹಿಡಿದು ಮೂರು ಗಂಟೆ ಚಳಿಯಲ್ಲಿ ನಿಂತವನು ಮುಂದಿನ ಸಾರಿ ತಾನು ಓಡುವಾಗ ಲೋಟವನ್ನು ರಸ್ತೆಯ ನಡುವೆ ಬಿಸಾಡುವ ಮೊದಲು ಎರಡು ಸಾರಿ ಯೋಚಿಸುತ್ತಾನೆ. ಒಂದು ದೂರು ಮಾತ್ರ ನನ್ನದು: ಒಂಬತ್ತಕ್ಕೆ ಒಂದು ಎನ್ನುವ ಲೆಕ್ಕ ನಿಲ್ಲುವವನ ಬೆಲೆಯನ್ನು ಸ್ವಲ್ಪ ಕಡಮೆ ಮಾಡಿತು.

ಇದಕ್ಕಿಂತ ಬಡತನದ, ನನಗೆ ಹೆಚ್ಚು ಇಷ್ಟವಾದ ದಾರಿಯೊಂದು ಮತ್ತೆ ಇಂಗ್ಲೆಂಡಿನಿಂದಲೇ ಹೊರಟಿತು. ೨೦೦೪ರಲ್ಲಿ ಲಂಡನ್ನಿನ ಬುಷಿ ಪಾರ್ಕ್ ಉದ್ಯಾನದ ಹತ್ತಿರ ಪಾಲ್ ಸಿಂಟನ್ ಹ್ಯೂಯಿಟ್ ಎಂಬ ಓಟಗಾರರಿದ್ದರು. ಪೆಟ್ಟುಬಿದ್ದು ಓಡಲಾಗದಂತಾಗಿತ್ತು. ಗೆಳೆಯರ ಸಂಗ ತಪ್ಪಿಹೋಗುತ್ತದಲ್ಲ ಎಂಬ ಕೊರಗು. ಸರಿ, ನೀವು ಓಡಿ, ನಾನು ನಿಂತು ಹೊತ್ತು ನೋಡುತ್ತೇನೆ, ಆಮೇಲೆ ಎಲ್ಲರೂ ಕಾಫಿ ಕುಡಿಯೋಣ ಎಂದರು. ಆ ವರ್ಷದ ಅಕ್ಟೋಬರ್ ೨ರಂದು ಹದಿಮೂರು ಜನ ಐದು ಕಿಲೋಮೀಟರ್ ಓಡಿದರು. ಮುಟ್ಟಿದ ಕ್ರಮವನ್ನು ಗುರುತಿಸಲು ಕಬ್ಬಿಣದ ಸಾಮಾನಿನ ಅಂಗಡಿಯಿಂದ ಬೋಲ್ಟಿಗೆ ಹಾಕುವ ವಾಷರುಗಳನ್ನು ತಂದು, ಒಂದೊಂದರ ಮೇಲೂ ನಂಬರು ಕೊರೆದು, ಬಂದವರ ಕೈಗೆ ಒಂದೊಂದು ಕೊಟ್ಟರು. 'ಪಾರ್ಕ್‌ರನ್' ಎಂಬ ಹೆಸರಿನಲ್ಲಿ ಇದು ಇಪ್ಪತ್ತಕ್ಕೂ ಹೆಚ್ಚು ದೇಶಗಳಿಗೆ ಹರಡಿದೆ. ಓಡುವವರಿಗೆ ಕಾಸಿನ ಖರ್ಚಿಲ್ಲ. ವಾರ ವಾರವೂ ಆಯಾ ಊರಿನವರೇ ಸರದಿಯ ಮೇಲೆ ನಿಲ್ಲುತ್ತಾರೆ. ಸಾಕಷ್ಟು ಜನ ನಿಲ್ಲಲು ಬಾರದಿದ್ದರೆ ಆ ವಾರ ಓಟವಿಲ್ಲ. ಕಟ್ಟಳೆಯೆಂದರೆ ಇದು! ನಮ್ಮ ಊರುಗಳಲ್ಲಿ ಸಂಘ ಕಟ್ಟುವವರು ಟೀ ಷರಟಿನ ಬಣ್ಣ ಆರಿಸುವುದಕ್ಕೆ ಮೊದಲು, ಉದ್ಘಾಟನೆಗೆ ಯಾರನ್ನು ಕರೆಯೋಣವೆಂದು ಚರ್ಚಿಸುವುದಕ್ಕೆ ಮೊದಲು, ನಿಲ್ಲುವವರ ಪಟ್ಟಿಯನ್ನು ಬರೆದುಕೊಳ್ಳಲಿ ಎಂದು ನನ್ನ ಆಸೆ. ಆ ಪಟ್ಟಿಯಲ್ಲಿ ನನ್ನ ಹೆಸರೂ ಇರಲಿ. ಕಾಫಿಯನ್ನು ಮನೆಯಿಂದಲೇ ಫ್ಲಾಸ್ಕಿನಲ್ಲಿ ತರುತ್ತೇನೆ.

ಟೆಡ್ ಕಾರ್ಬಿಟ್ ೨೦೦೭ರ ಡಿಸೆಂಬರಿನಲ್ಲಿ, ತಮ್ಮ ೮೮ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಆರು ವರ್ಷ ಮೊದಲು, ೨೦೦೧ರಲ್ಲಿ, ಆರು ದಿನಗಳ ಪಂದ್ಯವೊಂದರಲ್ಲಿ ಅವರು ಭಾಗವಹಿಸಿದ್ದರು. ಇಂಥ ಪಂದ್ಯದಲ್ಲಿ ಒಂದು ಸಣ್ಣ ಸುತ್ತುದಾರಿಯನ್ನು ಆರು ಹಗಲು ಆರು ರಾತ್ರಿ ಸುತ್ತುತ್ತಲೇ ಇರಬೇಕು; ದಣಿದಾಗ ಮಲಗಬಹುದು, ಮತ್ತೆ ಏಳಬಹುದು. ಎಂಬತ್ತೆರಡು ವರ್ಷದ ಕಾರ್ಬಿಟ್ ಅವರಿಗೆ ಓಡುವ ಶಕ್ತಿ ಉಳಿದಿರಲಿಲ್ಲ. ನಡೆದರು. ಆರು ದಿನ ಮುಗಿದಾಗ ೩೦೩ ಮೈಲಿ ನಡೆದಿದ್ದರು. ಅಷ್ಟು ಸುತ್ತುಗಳನ್ನು ಅವರು ತಾವೇ ಎಣಿಸಿಕೊಳ್ಳಬೇಕಾಗಿರಲಿಲ್ಲ. ಅವರು ಸುತ್ತಿ ಬಂದಾಗಲೆಲ್ಲ, ಹಗಲಾಗಲಿ ನಡುರಾತ್ರಿಯಾಗಲಿ, ಅವರ ಹೆಸರಿನ ಮುಂದೆ ಒಂದು ಗುರುತು ಹಾಕಲು ದಾರಿಯ ಪಕ್ಕದಲ್ಲಿ ಯಾರೋ ಕುಳಿತಿದ್ದರು.